ಐಜದ ಸುತ್ತಮುತ್ತ ನೋಡಬೇಕಾದ ಸ್ಥಳಗಳು: ಎರಡು ನದಿಗಳ ನಡುವಿನ ನಮ್ಮ ಸೀಮೆ



ಜಾತ್ರೆಗೆ, ಮದುವೆಗೆ, ದೀಪಾವಳಿ ರಜೆಗೆ ಊರಿಗೆ ಬರುವ ನಮ್ಮ ಸದಸ್ಯರು ಕೇಳುವ ಪ್ರಶ್ನೆ ಒಂದೇ. "ಮಕ್ಕಳನ್ನ ಕರಕೊಂಡು ಬಂದೀವ್ರಿ, ನಮ್ಮೂರ ಕಡೆ ತೋರಸಾಕ ಏನೈತಿ?" ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಳೆದ ಮಕ್ಕಳು ಎರಡು ದಿನ ಅಜ್ಜಿಯ ಮನೆಯಲ್ಲಿ ಮೊಬೈಲ್ ನೋಡುತ್ತ ಕುಳಿತು, ಮೂರನೆಯ ದಿನ ಮಂತ್ರಾಲಯಕ್ಕೆ ಹೋಗಿ, ಅಲ್ಲಿಂದಲೇ ವಾಪಸಾಗುತ್ತಾರೆ. ನಮ್ಮ ಊರಿನ ಸುತ್ತ ಒಂದು ದಿನದಲ್ಲಿ ಹೋಗಿ ಬರಬಹುದಾದ ಇಷ್ಟೊಂದು ಸ್ಥಳಗಳಿವೆ ಎಂಬುದು ಅವರ ತಂದೆ ತಾಯಿಯರಿಗೂ ಗೊತ್ತಿರುವುದಿಲ್ಲ. ಅವರಿಗಾಗಿ ಈ ಲೇಖನ ಸಿದ್ಧಪಡಿಸಿದ್ದೇವೆ. ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದವರಿಗೆ ಪಟ್ಟಿ ಬರೆಯುವುದು ಅಭ್ಯಾಸ. ಆದ್ದರಿಂದ ದಿಕ್ಕಿನ ಪ್ರಕಾರ ಒಂದೊಂದಾಗಿ ಕೊಟ್ಟಿದ್ದೇವೆ. ಅಚ್ಚು ಹಾಕಿಸಿ ಮನೆಯಲ್ಲಿ ಇಟ್ಟುಕೊಂಡರೆ ಅನುಕೂಲ.

ಮೊದಲು ಒಂದು ತಿದ್ದುಪಡಿ. ಹಿಂದೊಮ್ಮೆ ಇದೇ ಪುಟದಲ್ಲಿ ಕುರವಾಪುರ ತೆಲಂಗಾಣದಲ್ಲಿದೆ ಎಂದು ಬರೆದಿದ್ದೆವು. ಅದು ತಪ್ಪು. ದ್ವೀಪ ರಾಯಚೂರು ಜಿಲ್ಲೆಗೆ ಸೇರಿದ್ದು. ಹರಿಗೋಲು ಹತ್ತುವ ದಡ ಮಾತ್ರ ತೆಲಂಗಾಣದ್ದು. ತಿಳಿಸಿದ ಸದಸ್ಯರಿಗೆ ಧನ್ಯವಾದ. ಈ ಭಾಗದಲ್ಲಿ ಗುಡಿ ಒಂದು ರಾಜ್ಯದಲ್ಲಿ, ಅದರ ದಾರಿ ಇನ್ನೊಂದು ರಾಜ್ಯದಲ್ಲಿ ಇರುವುದು ಸಾಮಾನ್ಯ. ಅದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಡಿಗಡ್ಡ ಎಂದರೆ ಯಾವುದು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡರ ನಡುವಿನ ಈ ನೆಲವನ್ನು ನಮ್ಮ ತೆಲುಗು ನೆರೆಯವರು ನಡಿಗಡ್ಡ ಎನ್ನುತ್ತಾರೆ. ಇದೇ ನೆಲ ಪಶ್ಚಿಮಕ್ಕೆ ಮುಂದುವರಿದರೆ ರಾಯಚೂರಿನ ದೋಆಬ್. ವಿಜಯನಗರದವರೂ ಬಹಮನಿಗಳೂ, ಅವರ ನಂತರ ಬಿಜಾಪುರದ ಆದಿಲ್ ಶಾಹಿಗಳೂ ಇದಕ್ಕಾಗಿಯೇ ತಲೆಮಾರುಗಟ್ಟಲೆ ಹೊಡೆದಾಡಿದರು. ನದಿಗಳು ಪೂರ್ವಕ್ಕೆ ಹರಿದು ಅಲಂಪುರದ ಹತ್ತಿರ ಕೂಡವೆಲ್ಲಿಯಲ್ಲಿ ಒಂದಾಗುತ್ತವೆ. ಐಜ ಈ ತ್ರಿಕೋನದ ಒಳಗೆ ಇದೆ.

1956ರ ಅಕ್ಟೋಬರ್ ಕೊನೆಯವರೆಗೆ ಗದ್ವಾಲ ಮತ್ತು ಅಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗದ್ವಾಲ, ಅಲಂಪುರ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಮುಂದೆ 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯೂ ಆದವು. ನೌಕರಿಯಲ್ಲಿದ್ದಾಗ ನಮ್ಮ ಕೈಗೆ ಬರುತ್ತಿದ್ದ ಹಳೆಯ ಉರ್ದು ಕಾಗದಗಳಲ್ಲಿ ನಮ್ಮ ಊರುಗಳ ಹೆಸರಿನ ಮುಂದೆ 'ಜಿಲ್ಲಾ ರಾಯಚೂರ್' ಎಂದೇ ಇರುತ್ತಿತ್ತು. ಊರು ಎಲ್ಲಿಗೂ ಹೋಗಲಿಲ್ಲ. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ತೆಲುಗಿನವರೊಡನೆ ನಾವು ಅಣ್ಣತಮ್ಮಂದಿರಂತೆ ಇದ್ದೇವೆ, ಆ ವಿಷಯದಲ್ಲಿ ದೂರಿಲ್ಲ. ಆದರೆ ಈ ಸ್ಥಳಗಳಲ್ಲಿ ಕನ್ನಡದ್ದು ಎಷ್ಟಿದೆ ಎಂಬುದನ್ನು ನಾವೇ ನಮ್ಮ ಮಕ್ಕಳಿಗೆ ಹೇಳಬೇಕು. ಬೇರೆ ಯಾರೂ ಹೇಳುವುದಿಲ್ಲ.

ಐಜ ಮತ್ತು ದಾಸರ ಊರುಗಳು

ಐಜ ಗದ್ವಾಲದಿಂದ ಸುಮಾರು 30 ಕಿ.ಮೀ. ದೂರದ ಪಟ್ಟಣ. ಊರ ದೈವ ತಿಕ್ಕ ವೀರೇಶ್ವರ ಸ್ವಾಮಿ. ವರ್ಷಕ್ಕೊಮ್ಮೆ ತೇರು, ಜಾತ್ರೆ. ಆ ದಿನಗಳಲ್ಲಿ ರಾಯಚೂರು ಕಡೆಯಿಂದಲೂ, ಹೊಳೆಯಾಚೆ ಎಮ್ಮಿಗನೂರು ಕಡೆಯಿಂದಲೂ ಜನ ಬರುತ್ತಾರೆ. ಜಾತ್ರೆಯ ಅಂಗಡಿ ಸಾಲಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಕೇಳುತ್ತವೆ.

ದಾಸಸಾಹಿತ್ಯದಲ್ಲಿ ಆಸಕ್ತಿ ಇರುವವರಿಗೆ ಐಜ ಹೊಸ ಹೆಸರಲ್ಲ. 18ನೆಯ ಶತಮಾನದ ವಿದ್ವಾಂಸ ಯತಿ ವ್ಯಾಸತತ್ತ್ವಜ್ಞ ತೀರ್ಥರು ಪೂರ್ವಾಶ್ರಮದಲ್ಲಿ ಐಜಿ ವೆಂಕಟರಮಣಾಚಾರ್ಯರೆಂದೇ ಪ್ರಸಿದ್ಧರು. ಸಂಸ್ಕೃತದಲ್ಲಿ ಗ್ರಂಥಗಳನ್ನು ಬರೆದ ಇವರು ಕನ್ನಡದಲ್ಲಿ 'ವಾಸುದೇವವಿಠಲ' ಅಂಕಿತದಿಂದ ಹಾಡುಗಳನ್ನು ರಚಿಸಿದರು. ಇವರ ವೃಂದಾವನ ಐಜ ಹತ್ತಿರದ ವೇಣಿಸೋಮಪುರದಲ್ಲಿ, ತುಂಗಭದ್ರೆಯ ದಡದಲ್ಲಿದೆ. ಇವರಿಗೆ ಸಂನ್ಯಾಸ ಕೊಟ್ಟ ಭುವನೇಂದ್ರ ತೀರ್ಥರ ವೃಂದಾವನ ರಾಜವಳ್ಳಿಯಲ್ಲಿದೆ; ಇಂದಿನ ನಕ್ಷೆಯಲ್ಲಿ ಅದರ ಹೆಸರು ರಾಜೋಳಿ. ಎರಡೂ ಕಡೆ ಗದ್ದಲವಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರಬಹುದು.

ಐಜ ಮಂಡಲದ ಇನ್ನೊಂದು ಊರು ಉತ್ತನೂರು. ವಿಜಯದಾಸರ ಶಿಷ್ಯರಾದ ಗೋಪಾಲದಾಸರು (1721–1762) ನೆಲೆಸಿದ್ದ ಊರು ಇದು. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣ ಎಂಬ ಹುಡುಗನೇ ಮುಂದೆ ಗೋಪಾಲದಾಸರಾದದ್ದು. ಮಾನವಿಯ ಶ್ರೀನಿವಾಸಾಚಾರ್ಯರು ಹೊಟ್ಟೆನೋವಿನಿಂದ ಬಳಲಿ ಗೋಪಾಲದಾಸರ ಹತ್ತಿರ ಬಂದದ್ದು, ದಾಸರು ಜೋಳದ ರೊಟ್ಟಿ ಕೊಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದದ್ದು, ಆಚಾರ್ಯರು ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ' ಬರೆದದ್ದು, ಈ ಕಥೆ ನಮ್ಮ ಕಡೆಯ ಅಜ್ಜಿಯರಿಗೆಲ್ಲ ಗೊತ್ತು. ಉತ್ತನೂರಿನ ಧನ್ವಂತರಿ ವೆಂಕಟೇಶ್ವರನ ಗುಡಿಗೆ ಇಂದಿಗೂ ಕಾಯಿಲೆಯವರು ಹರಕೆ ಹೊತ್ತು ಬರುತ್ತಾರೆ. ಕನ್ನಡದ ಇಂಥ ಒಂದು ದೊಡ್ಡ ಕಾವ್ಯದ ಕಥೆ ಐಜದ ಪಕ್ಕದ ಊರಿನಲ್ಲಿ ಹಾದುಹೋಗಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ನಮ್ಮ ಮಕ್ಕಳಾದರೂ ತಿಳಿದಿರಲಿ.

ಈ ದಾರಿಯಲ್ಲಿ ಹೋಗುವಾಗ ರಾಜೋಳಿಬಂಡಾ ಕಾಲುವೆ ಕಾಣುತ್ತದೆ. ಹೆಸರು ಒಂದೇ ಥರ ಇರುವುದರಿಂದ ಗೊಂದಲವಾಗುತ್ತದೆ. ರಾಜೋಳಿ ನಮ್ಮ ಜಿಲ್ಲೆಯ ಊರು. ರಾಜೋಳಿಬಂಡಾ ರಾಯಚೂರು ಜಿಲ್ಲೆಯಲ್ಲಿ, ಹೊಳೆಯ ಮೇಲುಗಡೆ, ತುಂಗಭದ್ರೆಗೆ ಒಡ್ಡು ಕಟ್ಟಿರುವ ಜಾಗ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಶುರುವಾಗಿ 1950ರ ದಶಕದಲ್ಲಿ ಮುಗಿದ ಯೋಜನೆ. ಇದರ ಪಾಲು 17.1 ಟಿ.ಎಂ.ಸಿ. ನೀರು, ಅದರಲ್ಲಿ 15.9 ನಮ್ಮ ಕಡೆಗೆ, 1.2 ಕರ್ನಾಟಕಕ್ಕೆ. ಕಾಗದದ ಮೇಲೆ ನಮ್ಮ ಭಾಗದ ಅಚ್ಚುಕಟ್ಟು 87,500 ಎಕರೆ. ಕಾಲುವೆಯ ಕೊನೆಯ ರೈತರಿಗೆ ನೀರು ಮುಟ್ಟುವುದು ಮಾತ್ರ ಬೇರೆ ಕಥೆ. ಒಡ್ಡು ಒಂದು ರಾಜ್ಯದಲ್ಲಿ, ಗದ್ದೆ ಇನ್ನೊಂದರಲ್ಲಿ. 1956ರ ಗೆರೆಯ ಭಾರ ಎಲ್ಲಕ್ಕಿಂತ ಹೆಚ್ಚು ಬಿದ್ದಿರುವುದು ಈ ರೈತರ ಮೇಲೆ.

ಗದ್ವಾಲ: ಕೋಟೆ ಮತ್ತು ಮಗ್ಗ

ಗದ್ವಾಲ ಸಂಸ್ಥಾನ ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಹಳೆಯ ಸಂಸ್ಥಾನಗಳಲ್ಲಿ ಒಂದು. ಪಂಡಿತರಿಗೂ ಕವಿಗಳಿಗೂ ಆಶ್ರಯ ಕೊಟ್ಟದ್ದರಿಂದ 'ವಿದ್ವದ್ಗದ್ವಾಲ' ಎಂಬ ಹೆಸರು ಬಂತು. ಮುನ್ನೂರು ವರ್ಷಕ್ಕೂ ಹಳೆಯದಾದ ಕೋಟೆಯನ್ನು ಕಟ್ಟಿಸಿದವನು ಸೋಮನಾದ್ರಿ, ಅಂದರೆ ಪೆದ್ದ ಸೋಮಭೂಪಾಲ. ತೆಲುಗು ಜನಪದದಲ್ಲಿ ಇವನ ಕಥೆಯನ್ನು ಈಗಲೂ ಹಾಡುತ್ತಾರೆ.

ಕೋಟೆ ಊರಿನ ನಡುವೆಯೇ ಇದೆ. ಒಳಗೆ ಚೆನ್ನಕೇಶವ ಸ್ವಾಮಿಯ ಗುಡಿ, ಎತ್ತರದ ಗೋಪುರ. ಸಂಸ್ಥಾನದ ಕೊನೆಯ ರಾಣಿ ಆದಿಲಕ್ಷ್ಮೀದೇವಮ್ಮನವರ ಹೆಸರಿನ ಸರ್ಕಾರಿ ಪದವಿ ಕಾಲೇಜು ಇದೇ ಕೋಟೆಯಲ್ಲಿ ನಡೆಯುತ್ತದೆ. ಅರಮನೆಯ ಕೆಲವು ಭಾಗ ಬಿದ್ದಿದೆ, ಬುರುಜುಗಳ ಮೇಲೆ ಗಿಡ ಬೆಳೆದಿದೆ. ಮಕ್ಕಳನ್ನು ಗೋಡೆ ಹತ್ತಲು ಬಿಡಬೇಡಿ.

ಗದ್ವಾಲ ಸೀರೆ ಎಲ್ಲರಿಗೂ ಗೊತ್ತು. ನೇಯುವುದನ್ನು ನೋಡಿದವರು ಕಡಿಮೆ. ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯದು. ಎರಡು ಬೇರೆ ನೂಲುಗಳನ್ನು ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಇದರ ಗುಟ್ಟು. ಅಂಚಿಗೊಂದು, ಮೈಗೊಂದು ಲಾಳಿ ಬೇಕಾಗುತ್ತದೆ. ಕೈಯೂ ಹೆಚ್ಚು ಬೇಕು. 2010ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗದ್ವಾಲದಲ್ಲಷ್ಟೇ ಅಲ್ಲ, ಐಜ, ರಾಜೋಳಿಗಳಲ್ಲೂ ಮಗ್ಗಗಳಿವೆ. ತಿರುಪತಿ ತಿಮ್ಮಪ್ಪನಿಗೆ ಬ್ರಹ್ಮೋತ್ಸವದ ಹೊತ್ತಿಗೆ ಗದ್ವಾಲದಿಂದ ಜೋಡು ಪಂಚೆ ನೇಯ್ದು ಕಳಿಸುವ ಪದ್ಧತಿ ಸಂಸ್ಥಾನದ ಕಾಲದಿಂದ ಇಂದಿನವರೆಗೆ ನಡೆದುಬಂದಿದೆ. ನೇಕಾರರ ಮನೆಗೆ ಹೋದರೆ ಮೊದಲು ಕೇಳಿ ಒಳಗೆ ಹೋಗಿ. ಅದು ಅವರ ವಾಸದ ಮನೆಯೂ ಹೌದು. ಕೊಳ್ಳುವುದಾದರೆ ಅಲ್ಲೇ ಕೊಳ್ಳಿ, ಚೌಕಾಸಿ ಮಿತಿಯಲ್ಲಿರಲಿ.

ಗದ್ವಾಲದ ಹತ್ತಿರವೇ ಜಮ್ಮಿಚೇಡಿನ ಜಮ್ಮುಲಮ್ಮ, ಐಜ ದಾರಿಯ ಕಡೆಗೆ ಮಲ್ದಕಲ್ ತಿಮ್ಮಪ್ಪ. ತಿರುಪತಿಗೆ ಹೋಗಲಾಗದವರು ಮಲ್ದಕಲ್ಲಿಗೆ ಹೋಗಿ ಹರಕೆ ತೀರಿಸುವುದು ನಮ್ಮ ಮನೆಗಳಲ್ಲಿ ರೂಢಿ.

ಜೂರಾಲ ಅಣೆಕಟ್ಟು

ಗದ್ವಾಲದಿಂದ ಆತ್ಮಕೂರು ಕಡೆಗೆ ಹೋದರೆ ಕೃಷ್ಣೆಗೆ ಕಟ್ಟಿದ ಪ್ರಿಯದರ್ಶಿನಿ ಜೂರಾಲ ಅಣೆಕಟ್ಟು. 1990ರ ದಶಕದ ನಡುವೆ ಕೆಲಸಕ್ಕೆ ಬಂತು. ಇಲ್ಲಿನ ವಿದ್ಯುತ್ ಕೇಂದ್ರದಲ್ಲಿ 39 ಮೆಗಾವಾಟಿನ ಆರು ಘಟಕಗಳಿವೆ. ಅಣೆಕಟ್ಟಿನ ಮೇಲೆಯೇ ರಸ್ತೆ ಇರುವುದರಿಂದ ಬಸ್ಸಿನಲ್ಲಿ ಕುಳಿತೇ ಹಿನ್ನೀರು ನೋಡಬಹುದು. ಮೇಲೆ ಆಲಮಟ್ಟಿ, ನಾರಾಯಣಪುರದಿಂದ ನೀರು ಬಿಟ್ಟಾಗ ಇಲ್ಲಿ ಬಾಗಿಲು ತೆರೆಯುತ್ತಾರೆ. ಸಾಮಾನ್ಯವಾಗಿ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಆ ನೋಟ ಸಿಗುತ್ತದೆ.

ಅಣೆಕಟ್ಟಿನ ಬದಿಯಲ್ಲಿ ಮೀನು ಕರಿದು ಕೊಡುವ ಅಂಗಡಿಗಳ ಸಾಲು ಇದೆ. ಭಾನುವಾರ ಹೈದರಾಬಾದಿನಿಂದಲೂ ಕಾರುಗಳು ಬರುತ್ತವೆ. ತಿನ್ನುವವರು ತಿನ್ನಿ, ತಿನ್ನದವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ. ಹಿನ್ನೀರಿನಲ್ಲಿ ಮೊಸಳೆಗಳಿವೆ. ದಡದಲ್ಲಿ ಕಾಲು ತೊಳೆಯುವುದಕ್ಕೂ ಇಳಿಯಬೇಡಿ.

ಅಲಂಪುರ: ಬಾದಾಮಿಯವರು ಕಟ್ಟಿದ್ದು

ಒಂದೇ ಸ್ಥಳ ನೋಡಲು ಸಮಯವಿದೆ ಎನ್ನುವವರಿಗೆ ನಾವು ಅಲಂಪುರವನ್ನೇ ಹೇಳುತ್ತೇವೆ. ಕರ್ನೂಲಿನಿಂದ 25 ಕಿ.ಮೀ. ಆಸುಪಾಸು. ಹೈದರಾಬಾದ್–ಬೆಂಗಳೂರು ಹೆದ್ದಾರಿಯಲ್ಲಿ ಅಲಂಪುರ ಚೌರಸ್ತಾದಲ್ಲಿ ಇಳಿದು ಒಳಗೆ ಹೋಗಬೇಕು. ಜೋಗುಳಾಂಬ ಹಾಲ್ಟ್ ಎಂಬ ರೈಲು ನಿಲ್ದಾಣವೂ ಇದೆ.

ತುಂಗಭದ್ರೆಯ ದಡದ ಇಲ್ಲಿನ ನವಬ್ರಹ್ಮ ಗುಡಿಗಳನ್ನು 7–8ನೆಯ ಶತಮಾನದಲ್ಲಿ ಕಟ್ಟಿಸಿದವರು ಬಾದಾಮಿ ಚಾಲುಕ್ಯರು. ತಾರಕ, ಸ್ವರ್ಗ, ಪದ್ಮ, ಬಾಲ, ಗರುಡ, ಕುಮಾರ, ಅರ್ಕ, ವೀರ, ವಿಶ್ವ ಎಂದು ಒಂಬತ್ತು ಬ್ರಹ್ಮರು. ಹೆಸರು ಬ್ರಹ್ಮನದಾದರೂ ಎಲ್ಲದರಲ್ಲೂ ಇರುವುದು ಶಿವಲಿಂಗ. ತಾರಕಬ್ರಹ್ಮ ಒಂದನ್ನು ಬಿಟ್ಟರೆ ಉಳಿದ ಎಂಟಕ್ಕೂ ಉತ್ತರ ದೇಶದ ಮಾದರಿಯ ಶಿಖರ: ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ, ತುದಿಯಲ್ಲಿ ನೆಲ್ಲಿಕಾಯಿಯಂತೆ ಗೀರುಗಳಿರುವ ಅಗಲವಾದ ಕಲ್ಲು. ಪಟ್ಟದಕಲ್ಲಿನ ಗಳಗನಾಥ ಗುಡಿಯನ್ನು ನೋಡಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. ಎರಡೂ ಒಂದೇ ಮನೆತನದ ಕೆಲಸ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅಲ್ಲಿಗೆ ಜಗತ್ತೇ ಬರುತ್ತದೆ. ಅದೇ ಕೈಗಳ ಕೆಲಸ ನಮ್ಮ ಜಿಲ್ಲೆಯಲ್ಲಿದ್ದರೂ ನಾವು ಹೋಗುವುದು ಅಪರೂಪ. ಬಾದಾಮಿಯ ವಿಜಯಾದಿತ್ಯನ ಕಾಲದ 713ರ ಶಾಸನವೊಂದು ಈ ಗುಡಿಗಳ ಸುತ್ತ ಪ್ರಾಕಾರ ಕಟ್ಟಿಸಿದ ವಿಷಯ ಹೇಳುತ್ತದೆ.

ಪಕ್ಕದಲ್ಲೇ ಜೋಗುಳಾಂಬೆಯ ಗುಡಿ, 18 ಶಕ್ತಿಪೀಠಗಳಲ್ಲಿ ಒಂದು. ಮೂಲ ಗುಡಿ 14ನೆಯ ಶತಮಾನದ ಕೊನೆಯಲ್ಲಿ ಹಾಳಾಯಿತೆಂದು ಹೇಳುತ್ತಾರೆ. ಅಮ್ಮನವರಿಗೆ ಬಹುಕಾಲ ಬಾಲಬ್ರಹ್ಮೇಶ್ವರನ ಗುಡಿಯಲ್ಲೇ ಪೂಜೆ ನಡೆಯುತ್ತಿತ್ತು. ಈಗಿನ ಹೊಸ ಗುಡಿಯಲ್ಲಿ ಪ್ರತಿಷ್ಠೆಯಾದದ್ದು 2005ರಲ್ಲಿ. ಗುಡಿಗಳ ನೆರೆಯಲ್ಲೇ ಷಾ ಅಲಿ ಪಹಿಲ್ವಾನರ ದರ್ಗಾ ಇದೆ. ಉರುಸಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ.

ಶ್ರೀಶೈಲ ಜಲಾಶಯದಲ್ಲಿ ಮುಳುಗಲಿದ್ದ ಗುಡಿಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ಇಲ್ಲಿಗೆ ತಂದು ಕಟ್ಟಿದ್ದಾರೆ. ಕೃಷ್ಣೆ–ತುಂಗಭದ್ರೆ ಕೂಡುವಲ್ಲಿದ್ದ ಕೂಡವೆಲ್ಲಿ ಸಂಗಮೇಶ್ವರನ ಗುಡಿ ಈಗ ಅಲಂಪುರದಲ್ಲಿದೆ. ಅದರ ಜಗತಿಯ ಸುತ್ತಲಿನ ಕೆತ್ತನೆ ನೋಡದೆ ಬರಬೇಡಿ. ಪಾಪನಾಶಿಯ 23 ಗುಡಿಗಳ ಗುಂಪನ್ನೂ ಹೀಗೆಯೇ ಸ್ಥಳಾಂತರಿಸಿದ್ದಾರೆ.

ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ವಿಗ್ರಹಗಳ ಜೊತೆಗೆ ಶಾಸನದ ಕಲ್ಲುಗಳಿವೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಅಲಂಪುರದಲ್ಲಿ ಅನೇಕ. ಒಮ್ಮೆ ನಮ್ಮ ಸಂಘದ ಹತ್ತು ಹನ್ನೆರಡು ಜನ ಹೋಗಿದ್ದಾಗ ಕೃಷ್ಣಾ ಮಂಡಲದಿಂದ ಬಂದಿದ್ದ ಎಂಟನೆಯ ತರಗತಿಯ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಒಂದು ಕಲ್ಲಿನ ಮುಂದೆ ಬಗ್ಗಿ ನಿಂತು ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುತ್ತಿದ್ದಳು. 'ಸ್ವಸ್ತಿ' ಎಂದಳು. ಸ್ವಲ್ಪ ಹೊತ್ತಾದ ಮೇಲೆ 'ಶ್ರೀ' ಎಂದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಇದು ತೆಲುಗಲ್ಲೇನಮ್ಮಾ?" ಎಂದು ಕೇಳಿದರು. ಆ ಕಾಲಕ್ಕೆ ಎರಡು ಭಾಷೆಗೂ ಲಿಪಿ ಒಂದೇ, ಆದ್ದರಿಂದ ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಆ ಕಲ್ಲಿನ ಭಾಷೆ ಕನ್ನಡ. ಹುಡುಗಿಗೆ ಅದನ್ನು ಹೇಳಿದಾಗ ಅವಳು ತಂದೆಯನ್ನು ಕರೆದು ತೋರಿಸಿದಳು. ತಂದೆ ಆ ವರ್ಷವೇ ಅವಳನ್ನು ಇಂಗ್ಲಿಷ್ ಶಾಲೆಗೆ ಹಾಕುವ ಯೋಚನೆಯಲ್ಲಿದ್ದರು. ಮುಂದೆ ಏನು ಮಾಡಿದರೆಂದು ನಾವು ಕೇಳಲಿಲ್ಲ. ಅದು ಅವರ ಮನೆಯ ವಿಷಯ. ಆದರೆ ಬಸ್ಸು ಹೊರಡುವ ತನಕ ತಂದೆ ಮಗಳು ಇಬ್ಬರೂ ಆ ಕಲ್ಲಿನ ಹತ್ತಿರವೇ ಇದ್ದರು.

ಅಲಂಪುರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಬಂದರೆ ಕೃಷ್ಣೆಯ ದಡದ ಬೀಚುಪಲ್ಲಿ. ಇಲ್ಲಿನ ಆಂಜನೇಯನನ್ನು ವಿಜಯನಗರದ ರಾಜಗುರು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಪ್ರತೀತಿ. ಪುರಂದರದಾಸರ ಗುರುಗಳೂ ಅವರೇ. 2016ರ ಕೃಷ್ಣಾ ಪುಷ್ಕರದಲ್ಲಿ ಇಲ್ಲಿನ ಸ್ನಾನಘಟ್ಟಕ್ಕೆ ಬಹಳ ಜನ ಬಂದಿದ್ದರು. ಪುಷ್ಕರ 12 ವರ್ಷಕ್ಕೊಮ್ಮೆ, ಮುಂದಿನದು 2028ರಲ್ಲಿ.

ಮಕ್ತಲ್, ಕೃಷ್ಣಾ, ನಾರಾಯಣಪೇಟೆ ಕಡೆ

ಇನ್ನು ಕೃಷ್ಣೆ ದಾಟಿ ಉತ್ತರದ ದಡಕ್ಕೆ ಬರೋಣ. ಮಕ್ತಲ್‌ನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಪಡಮಟಿ ಆಂಜನೇಯನ ಗುಡಿ ಪ್ರಸಿದ್ಧ. ತೆಲುಗಿನಲ್ಲಿ ಪಡಮಟಿ ಎಂದರೆ ಪಡುವಣ.

ಮಕ್ತಲ್ ಮಂಡಲದ ಪಂಚದೇವಪಹಾಡದಿಂದ ಹೊಳೆಯೊಳಗಿನ ದ್ವೀಪವೇ ಕುರವಾಪುರ. ಜನರ ಬಾಯಲ್ಲಿ ಕುರುಗಡ್ಡೆ. ದತ್ತಾತ್ರೇಯನ ಅವತಾರವೆಂದು ನಂಬಲಾದ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಸ್ಥಳ. ಗುಹೆ, ದೊಡ್ಡ ಆಲದ ಮರ, ಗುಡಿ ಇವೆ. ಮಹಾರಾಷ್ಟ್ರದಿಂದ ಬರುವ ಭಕ್ತರೇ ಹೆಚ್ಚು. ನಾವು ಹತ್ತುವ ದಡದಲ್ಲಿ ತೆಲುಗು, ಇಳಿಯುವ ದಡದಲ್ಲಿ ಕನ್ನಡ, ಹರಿಗೋಲಿನಲ್ಲಿ ಮರಾಠಿ.

ಕೃಷ್ಣಾ ಮಂಡಲದ ಮುಡುಮಾಲದಲ್ಲಿ ಹೊಳೆಯ ಹತ್ತಿರ ಸುಮಾರು 80 ಎಕರೆ ಜಾಗದಲ್ಲಿ ಆದಿಕಾಲದ ನಿಲುವುಗಲ್ಲುಗಳಿವೆ. ದೊಡ್ಡವು 10ರಿಂದ 14 ಅಡಿ ಎತ್ತರ, ಅಂಥವು ಸುಮಾರು 80. ಸಾಲಾಗಿ ಇಟ್ಟ ಸಣ್ಣ ಕಲ್ಲುಗಳು ಸಾವಿರಗಟ್ಟಲೆ. ಮೂರು ಸಾವಿರ ವರ್ಷಕ್ಕೂ ಹಿಂದಿನವು. ಸೂರ್ಯ ಹುಟ್ಟುವ, ಮುಳುಗುವ ದಿಕ್ಕು ನೋಡಿ ಕಾಲ ಲೆಕ್ಕ ಹಾಕಲು ನಿಲ್ಲಿಸಿದ್ದಿರಬೇಕೆಂದು ಸಂಶೋಧಕರ ಅಭಿಪ್ರಾಯ. ಒಂದು ಕಲ್ಲಿನ ಮೇಲೆ ಸಣ್ಣ ಕುಳಿಗಳನ್ನು ಸಪ್ತರ್ಷಿ ಮಂಡಲದ ಆಕಾರದಲ್ಲಿ ಕೊರೆದಿದ್ದಾರೆ. 2025ರಲ್ಲಿ ಇದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಹೊಲಗಳ ನಡುವಿನ ಜಾಗ. ಬೆಳೆ ತುಳಿಯಬೇಡಿ, ಕಲ್ಲಿನ ಮೇಲೆ ಕುಂಕುಮ, ಹೆಸರು ಏನೂ ಬರೆಯಬೇಡಿ.

ಅದೇ ಮಂಡಲದ ತಂಗಿಡಿಯಲ್ಲಿ ಭೀಮೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದೇ ಇಲ್ಲಿ. ನವೆಂಬರ್ ನಂತರ ನೀರು ಇಳಿದು ಮರಳು, ಬಂಡೆಗಳು ಕಾಣುತ್ತವೆ. ಸಂಜೆಯ ಹೊತ್ತು ಚೆನ್ನಾಗಿರುತ್ತದೆ. ವಾಡಿ–ರಾಯಚೂರು ರೈಲು ಮಾರ್ಗದಲ್ಲಿ ಕೃಷ್ಣಾ ಎಂಬ ನಿಲ್ದಾಣವಿದೆ. ಅಲ್ಲಿಂದ ಹೊಳೆಯ ಮೇಲಿನ ರೈಲು ಸೇತುವೆಯೂ, ನಿಜಾಮರ ಕಾಲದಲ್ಲಿ 1943ರಲ್ಲಿ ಮುಗಿದ ರಸ್ತೆ ಸೇತುವೆಯೂ ದೂರವಿಲ್ಲ. ಈ ಮಂಡಲದ ಮನೆಗಳಲ್ಲಿ ಕನ್ನಡವೇ ಮಾತು. ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮವಿದೆ. ಸಂಗಮ ನೋಡಲು ಹೋದವರು ಹತ್ತು ನಿಮಿಷ ಆ ಶಾಲೆಗಳಿಗೂ ಹೋಗಿ ಬನ್ನಿ. ಮನೆಯಲ್ಲಿ ಓದಿ ಮುಗಿಸಿದ ಕನ್ನಡ ಪುಸ್ತಕಗಳಿದ್ದರೆ ಕೊಟ್ಟು ಬನ್ನಿ. ನಾವು ಹೋದ ಕಡೆಯೆಲ್ಲ ಶಿಕ್ಷಕರು ಕೇಳಿದ್ದು ಅದನ್ನೇ.

ಕೊನೆಗೆ ನಾರಾಯಣಪೇಟೆ. ಚೌಕಳಿಯ ಸೀರೆಗೆ, ಗುಡಿಗೋಪುರದ ಅಂಚಿಗೆ ಹೆಸರಾದ ಊರು. ಶಿವಾಜಿಯ ದಂಡಿನೊಂದಿಗೆ ಬಂದ ಕೆಲವು ನೇಕಾರರು ಇಲ್ಲೇ ಉಳಿದರೆಂದು ಹೇಳಿಕೆ. ಇಳಕಲ್ ಸೀರೆ ಉಡುವ ನಮ್ಮ ತಾಯಂದಿರಿಗೆ ನಾರಾಯಣಪೇಟೆ ಸೀರೆಯೂ ಅಷ್ಟೇ ಹತ್ತಿರ. ತೂಕ ಕಡಿಮೆ, ಬೆಲೆಯೂ ಗದ್ವಾಲಕ್ಕಿಂತ ಕಡಿಮೆ.

ನೀರಿನ ವಿಷಯದಲ್ಲಿ ಎಚ್ಚರಿಕೆ

ಇದನ್ನು ಬೇರೆಯಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು, ಅಲಂಪುರ, ರಾಜೋಳಿಗಳೊಳಗೆ ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ರಾಜೋಳಿಯಲ್ಲಿ ಮನೆಗಳ ಜೊತೆ ಮಗ್ಗಗಳೂ ಹೋದವು. ಐಜದಿಂದ ಎಮ್ಮಿಗನೂರಿಗೆ ಹೋಗುವ ನಾಗಲದಿನ್ನೆ ಸೇತುವೆ ಕೊಚ್ಚಿಹೋಯಿತು. ಹೊಸದಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ಆಚೆ ದಡಕ್ಕೆ ಹೆಣ್ಣು ಕೊಟ್ಟವರು ಅಷ್ಟು ವರ್ಷ ಸುತ್ತಿಬಳಸಿ ಹೋಗಬೇಕಾಯಿತು.

2020ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಪಂಚದೇವಪಹಾಡದ ಕಡೆಗೆ ಬರುತ್ತಿದ್ದ ಹರಿಗೋಲು ಮಗುಚಿ ಜನ ಕೊಚ್ಚಿಹೋದರು. ಅವರು ಪ್ರವಾಸಿಗರಲ್ಲ, ನಡುಗಡ್ಡೆಯಲ್ಲಿ ವಾಸವಿದ್ದವರು, ಹೊಳೆಯ ಗುಣ ಬಲ್ಲವರು. ಆದ್ದರಿಂದ ನಮ್ಮ ಕಳಕಳಿಯ ವಿನಂತಿ: ಜುಲೈಯಿಂದ ಅಕ್ಟೋಬರ್‌ವರೆಗೆ ಕುರವಾಪುರಕ್ಕೆ ಹರಿಗೋಲಿನಲ್ಲಿ ಹೋಗಬೇಡಿ. ಬೇರೆ ದಿನಗಳಲ್ಲೂ ಹೆಚ್ಚು ಜನರನ್ನು ತುಂಬಿದರೆ ಹತ್ತಬೇಡಿ, ಮುಂದಿನದಕ್ಕೆ ಕಾಯಿರಿ. ದೇವರು ಎಲ್ಲಿಗೂ ಹೋಗುವುದಿಲ್ಲ.

ಹೋಗುವ ಬಗೆ

ಎರಡು ದಿನ ಇದ್ದರೆ ಹೀಗೆ ಮಾಡಬಹುದು. ಮೊದಲ ದಿನ ಬೆಳಿಗ್ಗೆ ಐಜದಿಂದ ಹೊರಟು ಉತ್ತನೂರು, ವೇಣಿಸೋಮಪುರ, ರಾಜೋಳಿ, ಮಧ್ಯಾಹ್ನ ಅಲಂಪುರ, ಸಂಜೆ ಬೀಚುಪಲ್ಲಿ ನೋಡಿ ರಾತ್ರಿ ಗದ್ವಾಲದಲ್ಲಿ ವಸತಿ. ಎರಡನೆಯ ದಿನ ಬೆಳಿಗ್ಗೆ ಕೋಟೆ ಮತ್ತು ನೇಕಾರರ ಓಣಿ, ಆಮೇಲೆ ಜೂರಾಲ, ಅಲ್ಲಿಂದ ಮಕ್ತಲ್, ಮುಡುಮಾಲ, ಸಂಜೆಗೆ ತಂಗಿಡಿ ಸಂಗಮ. ಕುರವಾಪುರಕ್ಕೆ ಬೇರೆ ಒಂದು ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಗದ್ವಾಲಕ್ಕೆ ಹೈದರಾಬಾದ್–ಕರ್ನೂಲು ರೈಲು ಇದೆ. ರಾಯಚೂರಿನಿಂದ ಗದ್ವಾಲಕ್ಕೆ 2013ರಿಂದ ರೈಲು ಓಡುತ್ತಿದೆ. ಐಜಕ್ಕೆ ಗದ್ವಾಲದಿಂದಲೂ ರಾಯಚೂರಿನಿಂದಲೂ ಬಸ್ಸುಗಳಿವೆ. ಹಳ್ಳಿಗಳಿಗೆ ಆಟೋ ಅಥವಾ ಸ್ವಂತ ವಾಹನವೇ ಗತಿ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ವಯಸ್ಸಾದವರನ್ನು ಕರೆತರಬೇಡಿ.

ಮಳೆಗಾಲ ಮುಗಿದ ಮೇಲೆ ಸಂಘದಿಂದಲೇ ಅಲಂಪುರಕ್ಕೆ ಒಂದು ದಿನದ ಪ್ರವಾಸ ಇಡುವ ವಿಚಾರ ಕಾರ್ಯಕಾರಿ ಸಮಿತಿಯ ಮುಂದಿದೆ. ದಿನಾಂಕ ನಿಶ್ಚಯವಾದ ಮೇಲೆ ಇದೇ ಪುಟದಲ್ಲಿ ತಿಳಿಸುತ್ತೇವೆ. ಮಕ್ಕಳಿಗೆ ಶುಲ್ಕ ಬೇಡವೆಂದು ನಮ್ಮ ಸಲಹೆ. ಬರುವ ಪ್ರತಿ ಮಗುವೂ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ ತರಬೇಕು. ಶಾಸನದ ಕಲ್ಲಿನಲ್ಲಿ ಓದಲು ಬಂದ ಅಕ್ಷರಗಳನ್ನು ಬರೆದುಕೊಳ್ಳಬೇಕು. ಎರಡೇ ಅಕ್ಷರವಾದರೂ ಸಾಕು.

ಈ ಪಟ್ಟಿಯಲ್ಲಿ ತಪ್ಪಿದ್ದರೆ, ಬಿಟ್ಟುಹೋದ ಸ್ಥಳವಿದ್ದರೆ ದಯವಿಟ್ಟು ತಿಳಿಸಿ. ಕುರವಾಪುರದ ತಪ್ಪನ್ನು ತಿದ್ದಿದಂತೆ ಅದನ್ನೂ ತಿದ್ದುತ್ತೇವೆ.



ಕಾರ್ಯದರ್ಶಿ